ಬಹುಮಾನ ಗೆದ್ದ ಕ್ಷೌರದಂಗಡಿ

ಮಕ್ಕಳೇ, ಪಿಟ್ಸ್‌ಬರ್ಗ್ ಎಂದರೆ ಅಮೆರಿಕದ ನಮ್ಮ ಕನ್ನಡ ಮನೆಗಳಲ್ಲಿ ಮೊದಲು ನೆನಪಾಗುವುದು ವೆಂಕಟೇಶ್ವರ ದೇವಸ್ಥಾನ. ಅದೇ ಊರಿನಲ್ಲಿ 1924ರಲ್ಲಿ ಹುಟ್ಟಿದ ಫಿಲಿಪ್ ಪರ್ಲ್‌ಸ್ಟೈನ್ ಎಂಬ ಹುಡುಗನ ಕಥೆ ಇದು. ಅವನ ಬಾಲ್ಯ ಕಳೆದದ್ದು ಅಮೆರಿಕದ ಮಹಾ ಆರ್ಥಿಕ ಕುಸಿತದ ದಿನಗಳಲ್ಲಿ. ಊರಿಗೆ ಊರೇ ಕೆಲಸವಿಲ್ಲದೆ ಕೂತಿತ್ತು. ಅಪ್ಪ ಕೋಳಿ, ಮೊಟ್ಟೆ ಮಾರಿ ಸಂಸಾರ ತೂಗಿಸುತ್ತಿದ್ದರು. ಶನಿವಾರ ಬೆಳಿಗ್ಗೆಯಾದರೆ ಹುಡುಗ ಕಾರ್ನೆಗಿ ಮ್ಯೂಸಿಯಂನಲ್ಲಿ ನಡೆಯುತ್ತಿದ್ದ ಮಕ್ಕಳ ಚಿತ್ರಕಲಾ ತರಗತಿಯಲ್ಲಿರುತ್ತಿದ್ದ.

ನಿಮ್ಮ ಶಾಲೆಗೆ ಬುಕ್ ಫೇರ್ ತರುವ ಸ್ಕೊಲಾಸ್ಟಿಕ್ ಗೊತ್ತಲ್ಲ? ಆ ಸಂಸ್ಥೆ 1923ರಲ್ಲಿ ಶಾಲಾ ಮಕ್ಕಳಿಗೆ ಸ್ಪರ್ಧೆಯೊಂದನ್ನು ಶುರು ಮಾಡಿತು. 1942ರಲ್ಲಿ ಪರ್ಲ್‌ಸ್ಟೈನ್‌ನ ಎರಡು ಚಿತ್ರಗಳಿಗೆ ಅಲ್ಲಿ ಬಹುಮಾನ ಬಂತು. ಒಂದರಲ್ಲಿ ಮಕ್ಕಳು ಕೂತು ಸುತ್ತುವ ಮರದ ಕುದುರೆಗಳ ಮೆರ್ರಿ-ಗೋ-ರೌಂಡ್. ಇನ್ನೊಂದರಲ್ಲಿ ವೈಲಿ ಅವೆನ್ಯೂ ಬೀದಿಯ ಕ್ಷೌರದಂಗಡಿ. ಆ ಬೀದಿ ಇದ್ದದ್ದು ಪಿಟ್ಸ್‌ಬರ್ಗಿನ ಹಿಲ್ ಡಿಸ್ಟ್ರಿಕ್ಟ್‌ನಲ್ಲಿ. ಕಪ್ಪು ಜನರ ಮನೆ, ವ್ಯಾಪಾರ, ಜಾಝ್ ಸಂಗೀತ ಎಲ್ಲ ಸೇರಿ ಗಿಜಿಗುಟ್ಟುತ್ತಿದ್ದ ಕೇರಿ ಅದು. ದೇಶದ ಮನೆಮನೆಗೂ ಹೋಗುತ್ತಿದ್ದ 'ಲೈಫ್' ಪತ್ರಿಕೆ ಆ ಚಿತ್ರಗಳನ್ನು ಬಣ್ಣದಲ್ಲಿ ಅಚ್ಚು ಹಾಕಿತು.

ನನಗೆ ತುಂಬ ಇಷ್ಟವಾಗುವ ಸಂಗತಿ ಇದು: ರಾಜರಿಲ್ಲ, ಅರಮನೆಯಿಲ್ಲ, ತನ್ನೂರಿನ ಒಂದು ಕ್ಷೌರದಂಗಡಿ! ಬಹುಮಾನ ಕೊಟ್ಟವರು ಅದನ್ನು ಮೆಚ್ಚಿದರಲ್ಲ, ಅವರಿಗೂ ನಮಸ್ಕಾರ.

ಅದು ಎರಡನೇ ಮಹಾಯುದ್ಧದ ಕಾಲ. ಸೈನ್ಯ ಸೇರಿದ ಪರ್ಲ್‌ಸ್ಟೈನ್‌ಗೆ ಅಲ್ಲಿಯೂ ಚಿತ್ರದ ಕೆಲಸವೇ ಸಿಕ್ಕಿತು: ಆಯುಧದ ಬಿಡಿಭಾಗ ಜೋಡಿಸುವುದನ್ನು ತೋರಿಸುವ ನಕ್ಷೆಗಳು, ಇಟಲಿಯಲ್ಲಿ ರಸ್ತೆ ಫಲಕಗಳು. ಯುದ್ಧ ಮುಗಿದ ಮೇಲೆ ಊರಿಗೆ ಬಂದು, ಅರ್ಧಕ್ಕೆ ಬಿಟ್ಟಿದ್ದ ಕಲಾ ಕಾಲೇಜಿಗೆ ಮರಳಿದರು. ಅಲ್ಲಿ ತನಗಿಂತ ನಾಲ್ಕು ವರ್ಷ ಚಿಕ್ಕವನಾದ, ಮಾತು ಕಡಿಮೆಯ ಒಬ್ಬ ಹುಡುಗ ತಾನಾಗಿಯೇ ಬಂದು ಪರಿಚಯ ಮಾಡಿಕೊಂಡ. 'ಲೈಫ್'ನಲ್ಲಿ ಇವರ ಚಿತ್ರ ಬಂದದ್ದು ಅವನಿಗೆ ಗೊತ್ತಿತ್ತು. ಹೆಸರುವಾಸಿಯಾದಾಗ ಹೇಗನ್ನಿಸಿತು ಎಂದು ಕೇಳಿದನಂತೆ. ಅದು ಇದ್ದದ್ದು ಐದೇ ನಿಮಿಷ ಎಂದರಂತೆ ಪರ್ಲ್‌ಸ್ಟೈನ್. ಆ ಹುಡುಗನೇ ಮುಂದೆ ಸೂಪ್ ಡಬ್ಬಿಗಳ ಚಿತ್ರದಿಂದ ಜಗತ್ಪ್ರಸಿದ್ಧನಾದ ಆಂಡಿ ವಾರ್ಹೋಲ್. 1949ರಲ್ಲಿ ಇಬ್ಬರೂ ಜೊತೆಯಾಗಿ ನ್ಯೂಯಾರ್ಕಿಗೆ ಹೋಗಿ, ಒಂದೇ ಮನೆಯಲ್ಲಿ ಬಾಡಿಗೆಗಿದ್ದರು. ಶಾಲಾ ಸ್ಪರ್ಧೆ ಕೊಟ್ಟ ಹೆಸರು ಬೇಗ ಮಾಸಿತು. ಅದರಿಂದ ಸಿಕ್ಕ ಗೆಳೆತನ ಇಬ್ಬರನ್ನೂ ಹೊಸ ಊರಿನ ದಾರಿ ಹಿಡಿಸಿತು. 1960ರ ದಶಕದಲ್ಲಿ ಪರ್ಲ್‌ಸ್ಟೈನ್ ಎದುರಿಗೆ ಕೂತ ಮನುಷ್ಯರನ್ನು ಕಂಡಂತೆಯೇ ಬರೆಯುವ ಕಲಾವಿದರೆಂದು ಹೆಸರಾದರು. 2022ರಲ್ಲಿ ತೀರಿಕೊಂಡಾಗ ಅವರಿಗೆ 98 ವರ್ಷ.

ಪರ್ಲ್‌ಸ್ಟೈನ್ ಹುಡುಗನಾಗಿದ್ದ ಹೊತ್ತಿಗೆ ನಮ್ಮ ಮೈಸೂರಿನಲ್ಲೂ ಒಬ್ಬ ಹುಡುಗನಿದ್ದ. 1921ರಲ್ಲಿ ಹುಟ್ಟಿದ ಆರ್. ಕೆ. ಲಕ್ಷ್ಮಣ್. ಅವರಿಗೆ ಮೊದಲು ದೊರೆತದ್ದು ಪದಕವಲ್ಲ, ಒಬ್ಬ ಮೇಷ್ಟರ ಮೆಚ್ಚುಗೆ. ತರಗತಿಯಲ್ಲಿ ಎಲೆ ಬರೆಯಲು ಹೇಳಿದಾಗ ಈ ಹುಡುಗ ಬರೆದ ಅರಳಿ ಎಲೆಯನ್ನು ಮೇಷ್ಟರು ಹೊಗಳಿದರು. ಹೈಸ್ಕೂಲು ಮುಗಿಸಿ ಮುಂಬಯಿಯ ಜೆ. ಜೆ. ಕಲಾ ಶಾಲೆಗೆ ಅರ್ಜಿ ಹಾಕಿದರೆ ಸೀಟು ಸಿಗಲಿಲ್ಲ. ಲಕ್ಷ್ಮಣ್ ಬರೆಯುವುದನ್ನು ಬಿಡಲಿಲ್ಲ. ಕನ್ನಡದ 'ಕೊರವಂಜಿ'ಗೆ ವ್ಯಂಗ್ಯಚಿತ್ರ ಕೊಟ್ಟರು, ಅಣ್ಣ ಆರ್. ಕೆ. ನಾರಾಯಣರ ಕಥೆಗಳಿಗೆ ಚಿತ್ರ ಬರೆದರು. ಅವರ ವ್ಯಂಗ್ಯಚಿತ್ರಗಳ 'ಕಾಮನ್ ಮ್ಯಾನ್' ಯಾರೆಂದು ಅಜ್ಜನನ್ನು ಕೇಳಿ ನೋಡಿ, ಅರ್ಧ ಗಂಟೆ ಹೇಳುತ್ತಾರೆ.

ಈಗ ನಮ್ಮ ಕನ್ನಡ ಕೂಟದ ರಾಜ್ಯೋತ್ಸವದ ಚಿತ್ರ ಸ್ಪರ್ಧೆಯ ಮಾತು. ಪ್ರತಿ ಸಲ ಮೈಸೂರು ಅರಮನೆ, ಕನ್ನಡ ಬಾವುಟ, ಭುವನೇಶ್ವರಿ ಸಾಲುಸಾಲಾಗಿ ಬರುತ್ತವೆ. ಪ್ರೀತಿಯಿಂದಲೇ ಬರೆದಿರುತ್ತೀರಿ, ನಿಜ. ಆದರೆ ಬಹುಪಾಲು ಫೋನು ನೋಡಿ ಬರೆದವು. ಹಿಮದಲ್ಲಿ ಸ್ಕೂಲ್ ಬಸ್ಸಿಗೆ ಕಾದು ನಿಂತ ನಿಮ್ಮ ತಮ್ಮನನ್ನು ಬರೆಯಿರಿ. ಗರಾಜಿನಲ್ಲಿ ಹಪ್ಪಳ ಒಣಗಿಸುವ ಅಜ್ಜಿಯನ್ನು ಬರೆಯಿರಿ. ಕೈಬೆರಳು ಸರಿ ಬರದಿದ್ದರೂ ಅಡ್ಡಿಯಿಲ್ಲ; ನೀವು ಕಣ್ಣಾರೆ ಕಂಡದ್ದಾಗಿರಲಿ. ತೀರ್ಪುಗಾರರಾಗುವ ಅಪ್ಪ-ಅಮ್ಮಂದಿರೂ ಅಂಥ ಚಿತ್ರದ ಮುಂದೆ ಸ್ವಲ್ಪ ಹೊತ್ತು ನಿಂತು ನೋಡಬೇಕೆಂದು ಕೇಳಿಕೊಳ್ಳುತ್ತೇನೆ.

ಸ್ಕೊಲಾಸ್ಟಿಕ್ ಸ್ಪರ್ಧೆ ಇಂದಿಗೂ ನಡೆಯುತ್ತಿದೆ. 7ರಿಂದ 12ನೇ ತರಗತಿಯವರು ಸೇರಬಹುದು. ನಿಮ್ಮ ಆರ್ಟ್ ಟೀಚರನ್ನು ಕೇಳಿ. ಇನ್ನೊಂದು ಮಾತು: ಮುಂದಿನ ಬಾರಿ ಪಿಟ್ಸ್‌ಬರ್ಗಿನಲ್ಲಿ ದೇವರ ದರ್ಶನ ಮುಗಿಸಿದ ಮೇಲೆ, ಅದೇ ಊರಿನ ವಾರ್ಹೋಲ್ ಮ್ಯೂಸಿಯಂಗೂ ಕರೆದುಕೊಂಡು ಹೋಗಿ ಎಂದು ಮನೆಯಲ್ಲಿ ಹಟ ಹಿಡಿಯಿರಿ.