ಕಾಯಿಲೆಗಳ ಪಟ್ಟಿ ಬರೆದ ವಿಲಿಯಂ ಫಾರ್

ಹೋದ ಚಳಿಗಾಲದಲ್ಲಿ ಇಲ್ಲಿ ಹಮಾಮತ್ಸುವಿನ ಒಂದು ಸೈಟಿನಲ್ಲಿ ಪ್ಯಾನೆಲ್ ಬೋರ್ಡ್ ಬಿಚ್ಚುವಾಗ ಶಾರ್ಟ್ ಆಗಿ ನನ್ನ ಎಡಗೈ ಸುಟ್ಟಿತು. ಆಸ್ಪತ್ರೆಗೆ ಕರಕೊಂಡು ಹೋದವರು, ರೂಮಿನಲ್ಲಿ ಬಿಸಿನೀರು ಚೆಲ್ಲಿಕೊಂಡೆ ಅಂತ ಹೇಳು ಎಂದು ದಾರಿಯಲ್ಲೇ ಹೇಳಿಕೊಟ್ಟರು. ಹಾಗೇ ಹೇಳಿದೆ. ರಾತ್ರಿ ಬೆಂಗಳೂರಿಗೆ ಫೋನ್ ಮಾಡಿ ತಂಗಿಯ ಹತ್ತಿರ ಸರಿಯಾಗಿ ಬೈಸಿಕೊಂಡೆ. ಅವಳು ಬಿಎಸ್ಸಿ ಓದಿ ಮೆಡಿಕಲ್ ಕೋಡಿಂಗ್ ಕೆಲಸದಲ್ಲಿದ್ದಾಳೆ. ಅಮೆರಿಕದ ಆಸ್ಪತ್ರೆಗಳ ಫೈಲು ಓದಿ, ಡಾಕ್ಟರು ಬರೆದ ಕಾಯಿಲೆಗೆ, ಗಾಯಕ್ಕೆ ಅಂತಾರಾಷ್ಟ್ರೀಯ ಪಟ್ಟಿಯ ನಂಬರು ಹಾಕೋದು ಅವಳ ಕೆಲಸ. ಕೈ ಸುಟ್ಟಿದ್ದಕ್ಕೆ ಟಿ23. ಹೇಗೆ ಸುಟ್ಟಿತು ಅನ್ನೋದಕ್ಕೆ ಇನ್ನೊಂದು ನಂಬರು: ಬಿಸಿನೀರಾದರೆ ಎಕ್ಸ್12, ಕರೆಂಟಾದರೆ ಡಬ್ಲ್ಯೂ86. ಫೈಲಿನಲ್ಲಿ ಬರೆದಿಲ್ಲದ್ದನ್ನು ಕೋಡರ್ ಊಹಿಸಿ ಹಾಕುವಂತಿಲ್ಲವಂತೆ. ಈ ಪಟ್ಟಿ ಶುರು ಮಾಡಿದ್ದು ಯಾರು ಅಂತ ಕೇಳಿದೆ. ಅವಳು ಹೇಳಿದ ಹೆಸರು ವಿಲಿಯಂ ಫಾರ್. ಕೈಗೆ ಬ್ಯಾಂಡೇಜ್ ಸುತ್ತಿಕೊಂಡು ಕೂತ ದಿನಗಳಲ್ಲಿ ಅವರ ಬಗ್ಗೆ ಓದಿದೆ.

ಫಾರ್ ಹುಟ್ಟಿದ್ದು 1807ರಲ್ಲಿ, ಇಂಗ್ಲೆಂಡಿನ ಶ್ರಾಪ್‌ಶೈರ್‌ನ ಕೆನ್ಲಿ ಅನ್ನೋ ಹಳ್ಳಿಯಲ್ಲಿ. ಮನೆಯಲ್ಲಿ ಬಡತನ. ಜೋಸೆಫ್ ಪ್ರೈಸ್ ಅನ್ನೋ ಜಮೀನುದಾರರು ಹುಡುಗನನ್ನು ಸಾಕಿ ಓದಿಸಿದರು. 1828ರಲ್ಲಿ ಅವರು ತೀರಿಕೊಂಡಾಗ ಬಿಟ್ಟುಹೋದ ಹಣದಲ್ಲಿ ಫಾರ್ ಪ್ಯಾರಿಸ್‌ಗೆ ಹೋಗಿ ವೈದ್ಯಕೀಯ ಕಲಿತರು. ಲಂಡನ್ನಿಗೆ ಬಂದ ಮೇಲೆ ಅವರು ಪಾಸು ಮಾಡಿದ್ದು ಅಪಾಥೆಕರಿ ಸಂಘದ ಲೈಸೆನ್ಸ್ ಪರೀಕ್ಷೆ ಅಷ್ಟೇ. ನಮ್ಮ ಐಟಿಐ ಸರ್ಟಿಫಿಕೇಟ್ ಇದ್ದ ಹಾಗೆ ಅಂತ ನನಗೆ ನಾನೇ ಅಂದುಕೊಂಡೆ. ಪ್ರಾಕ್ಟೀಸು ಅಷ್ಟೇನೂ ನಡೆಯಲಿಲ್ಲ. 1837ರಲ್ಲಿ ಹೆಂಡತಿ ಕ್ಷಯದಿಂದ ತೀರಿಕೊಂಡರು.

ಅದೇ ವರ್ಷ ಜುಲೈನಿಂದ ಇಂಗ್ಲೆಂಡಿನಲ್ಲಿ ಹುಟ್ಟು ಸಾವು ನೋಂದಾಯಿಸುವ ಕಾನೂನು ಜಾರಿಗೆ ಬಂದಿತ್ತು. ಆ ಕಚೇರಿಯಲ್ಲಿ ಸಾವಿನ ಲೆಕ್ಕ ಸೇರಿಸುವ ಕೆಲಸ ಫಾರ್‌ಗೆ ಸಿಕ್ಕಿತು. ಅಲ್ಲಿಗೆ ಬರುತ್ತಿದ್ದ ಕಾಗದಗಳು ಹೇಗಿದ್ದವೆಂದರೆ, ಒಂದೇ ಕಾಯಿಲೆಗೆ ನಾಲ್ಕು ಹೆಸರು, ಒಂದೇ ಹೆಸರಿನ ಕೆಳಗೆ ನಾಲ್ಕು ಕಾಯಿಲೆ. ವೈರಿಗೆಲ್ಲ ಒಂದೇ ಬಣ್ಣ ಇರುವ ಬೋರ್ಡು ನೆನಪಿಸಿಕೊಳ್ಳಿ. ಯಾವುದು ಎಲ್ಲಿಗೆ ಹೋಗುತ್ತದೆ ಅಂತ ಹೇಳೋದು ಹೇಗೆ? ಎಲ್ಲರೂ ಒಂದೇ ಹೆಸರು ಬಳಸಲಿ, ಒಂದು ಪಟ್ಟಿ ಇರಲಿ ಎಂದು ಫಾರ್ 1839ರ ಮೊದಲನೇ ವಾರ್ಷಿಕ ವರದಿಯಲ್ಲೇ ಹಟ ಹಿಡಿದರು.

ಜಗಳ ಹತ್ತಿದ್ದೂ ಆ ವರದಿಯಿಂದಲೇ. ಅದರಲ್ಲಿ 63 ಸಾವುಗಳನ್ನು ಉಪವಾಸದ ಸಾವು ಎಂದು ತೋರಿಸಿದ್ದರು. ಬಡವರ ಪರಿಹಾರದ ಹೊಸ ಕಾನೂನು ಬಂದು ಆಗ ಐದು ವರ್ಷ. ಅದನ್ನು ನಡೆಸುತ್ತಿದ್ದ ಕಮಿಷನ್ನಿನ ಕಾರ್ಯದರ್ಶಿ ಎಡ್ವಿನ್ ಚಾಡ್ವಿಕ್, ದೊಡ್ಡ ಮನುಷ್ಯ. ಹಸಿವಿನಿಂದ ಸತ್ತರು ಅಂತ ಸರ್ಕಾರದ ಪುಸ್ತಕದಲ್ಲೇ ಅಚ್ಚಾದರೆ ಕಾನೂನಿನ ಮರ್ಯಾದೆ ಏನಾಗಬೇಕು? ಅದರಲ್ಲಿ ತಾಯಿಹಾಲು ಸಿಗದ ಕೂಸುಗಳೂ ಇವೆ, ಇದು ಉಪವಾಸ ಅಲ್ಲ ಎಂದು ಚಾಡ್ವಿಕ್ ತಕರಾರು ತೆಗೆದರು. ಫಾರ್ ಜಗ್ಗಲಿಲ್ಲ. ಹಸಿವು ನೇರವಾಗಿ ಕೊಲ್ಲೋದು ಕಡಿಮೆ, ಮೈ ಸೋಲಿಸಿ ಬೇರೆ ಕಾಯಿಲೆಯ ಕೈಗೆ ಕೊಡುತ್ತದೆ, ಹಾಗಾಗಿ ನಿಜವಾದ ಲೆಕ್ಕ 63ಕ್ಕಿಂತ ಜಾಸ್ತಿಯೇ ಇರುತ್ತದೆ ಅನ್ನೋದು ಅವರ ವಾದ. ಅವರು ಇನ್ನೂ ಆ ಕಚೇರಿಗೆ ಹೊಸಬರು ಅನ್ನೋದನ್ನು ಮರೆಯಬೇಡಿ. ನಾನಾಗಿದ್ದರೆ ಪದ ಬದಲಾಯಿಸಿ ಸುಮ್ಮನಾಗುತ್ತಿದ್ದೆನೇನೋ. ಬಿಸಿನೀರು ಅಂತ ಹೇಳಿದವನಲ್ಲವೇ ನಾನು!

ಅವರೂ ತಪ್ಪಿದ್ದುಂಟು. ಕಾಲರಾ ಕೆಟ್ಟ ಗಾಳಿಯಿಂದ ಬರುತ್ತದೆ ಎಂದು ಬಹಳ ವರ್ಷ ನಂಬಿದ್ದರು. ತಗ್ಗು ಜಾಗದಲ್ಲಿ ಸಾವು ಜಾಸ್ತಿ ಎಂದು ಅಂಕಿಅಂಶ ಕೂಡ ಕೊಟ್ಟಿದ್ದರು. ನೀರಿನಿಂದ ಬರುತ್ತದೆ ಎಂದ ಜಾನ್ ಸ್ನೋ ಮಾತು ಪೂರ್ತಿ ಒಪ್ಪಿರಲಿಲ್ಲ. 1866ರಲ್ಲಿ ಪೂರ್ವ ಲಂಡನ್ನಿನಲ್ಲಿ ಕಾಲರಾ ಬಂದಾಗ ಸಾವೆಲ್ಲ ಒಂದೇ ನೀರಿನ ಕಂಪನಿಯ ಪ್ರದೇಶದಲ್ಲಿ ಇದ್ದದ್ದನ್ನು ಅವರದೇ ಲೆಕ್ಕ ತೋರಿಸಿತು. ಸ್ನೋ ಆಗಲೇ ತೀರಿಕೊಂಡಿದ್ದರು. ಫಾರ್ ಅಭಿಪ್ರಾಯ ಬದಲಾಯಿಸಿದರು. ಯಾವ ಕಸುಬಿನವರು ಎಷ್ಟು ಸಾಯುತ್ತಾರೆ ಎಂದು ಕಸುಬುವಾರು ಲೆಕ್ಕ ಹಾಕಿಸಿದ್ದೂ ಅವರೇ. ಭಾರತದಲ್ಲಿದ್ದ ಬ್ರಿಟಿಷ್ ಸೈನಿಕರು ವರ್ಷಕ್ಕೆ ಸಾವಿರಕ್ಕೆ 69 ಮಂದಿ ಸಾಯುತ್ತಿದ್ದರೆಂದು ಫ್ಲಾರೆನ್ಸ್ ನೈಟಿಂಗೇಲ್ ಜೊತೆ ಸೇರಿ ಲೆಕ್ಕ ತೆಗೆದು ತೋರಿಸಿದರು.

1855ರಲ್ಲಿ ಪ್ಯಾರಿಸ್ಸಿನ ಸಮ್ಮೇಳನ 139 ಹೆಸರುಗಳ ಪಟ್ಟಿ ಒಪ್ಪಿತು. ಮೈಯ ಯಾವ ಭಾಗದ ಕಾಯಿಲೆ ಎಂದು ನೋಡಿ ವಿಂಗಡಿಸುವುದು, ಏಟು ಅಪಘಾತಗಳನ್ನು ಬೇರೆ ಇಡುವುದು ಫಾರ್ ದಾರಿ. ಅದನ್ನೇ ಹಿಡಿದು ಜಾಕ್ ಬರ್ಟಿಯೋಂ 1893ರಲ್ಲಿ ಷಿಕಾಗೋದಲ್ಲಿ ತಮ್ಮ ಪಟ್ಟಿ ಮುಂದಿಟ್ಟರು. 1948ರಿಂದ ಅದು ವಿಶ್ವ ಆರೋಗ್ಯ ಸಂಸ್ಥೆಯ ಕೈಯಲ್ಲಿದೆ. ಜಪಾನಿನ ಆಸ್ಪತ್ರೆಗಳಲ್ಲಿ ಶಿನ್ರ್ಯೋ ಜೋಹೋ ಕನ್ರಿಶಿ ಅನ್ನೋರು ಇದೇ ಪಟ್ಟಿ ನೋಡಿ ಕೋಡ್ ಹಾಕುತ್ತಾರೆ.

ಅಷ್ಟು ವರ್ಷ ದುಡಿದರೂ ಕಚೇರಿಯ ಮುಖ್ಯಸ್ಥರ ಕುರ್ಚಿ ಖಾಲಿಯಾದಾಗ ಅದನ್ನು ಬೇರೆಯವರಿಗೆ ಕೊಟ್ಟರು. ಫಾರ್ ರಾಜೀನಾಮೆ ಕೊಟ್ಟು ಮನೆಗೆ ಹೋದರು. 1883ರ ಏಪ್ರಿಲ್‌ನಲ್ಲಿ ತೀರಿಕೊಂಡರು.

ಮುಂದಿನ ಡ್ರೆಸ್ಸಿಂಗ್‌ಗೆ ಹೋದಾಗ ಜಪಾನಿ ಬರುವ ಗೆಳೆಯನನ್ನು ಕರಕೊಂಡು ಹೋದೆ. ಕೆಲಸದಲ್ಲಿ, ಕರೆಂಟಿನಿಂದ ಎಂದು ಡಾಕ್ಟರ ಮುಂದೆ ಹೇಳಿಸಿದೆ. ಅವರು ಮುಖ ನೋಡಿ, ಬರೆದಿದ್ದನ್ನು ತಿದ್ದಿಕೊಂಡರು. ಆರೋಗ್ಯ ವಿಮೆಯಲ್ಲಿ ನಾನು ಕಟ್ಟಿದ್ದ ಶೇಕಡಾ 30 ರೋಸಾಯ್‌ಗೆ ಬದಲಾದ ಮೇಲೆ ವಾಪಸ್ ಬಂತು. ಅದರ ಫಾರಂಗೆ ಸಹಿ ಹಾಕುವಾಗ ಸೈಟಿನವರ ಮುಖ ಕಪ್ಪಾಗಿತ್ತು. ಅವರು ಹಾಕದಿದ್ದರೂ ಕೆಲಸಗಾರ ತಾನೇ ಇಲ್ಲಿನ ರೋಡೋ ಕಿಜುನ್ ಕಂತೊಕುಶೊ ಕಚೇರಿಗೆ ಹೋಗಿ ಅರ್ಜಿ ಕೊಡಬಹುದು. ಇದು ನನಗೆ ಮೊದಲ ದಿನ ಗೊತ್ತಿರಲಿಲ್ಲ.