ವಿಕ್ಟೋರಿಯಾ ಮಹಾರಾಣಿಯವರ ಮದುವೆಯ ಉಡುಪು

ಮಗಳ ಮದುವೆ ನಿಶ್ಚಯವಾದೊಡನೆ ಮನೆಯಲ್ಲಿ ಮೊದಲು ಏಳುವ ಮಾತು ಬಟ್ಟೆಯದು. ಯಾವ ಬಣ್ಣ, ಯಾವ ನೆಯ್ಗೆ, ಎಷ್ಟು ಹಣ ಎಂಬ ವಿಚಾರದಲ್ಲಿ ತಾಯಂದಿರಿಗೆ ನಿದ್ರೆ ಹತ್ತುವುದಿಲ್ಲ. ಇದು ಅಲ್ಪವಿಷಯವೆಂದು ಗಂಡಸರು ನಗುವುದುಂಟು. ಆದರೆ ಒಂದು ಮದುವೆಯ ಬಟ್ಟೆಯಿಂದ ನೂರಾರು ಬಡಮನೆಗಳ ಒಲೆ ಹೊತ್ತಿದ ವೃತ್ತಾಂತವು ಚರಿತ್ರೆಯಲ್ಲಿರುವುದು. ಆ ಬಟ್ಟೆಯನ್ನು ಆರಿಸಿದವರು ಇಂಗ್ಲೆಂಡಿನ ವಿಕ್ಟೋರಿಯಾ ಮಹಾರಾಣಿಯವರು. ಅವರ ಜೀವಿತದ ಕಥೆಯನ್ನು, ಆ ಉಡುಪನ್ನೇ ಮುಂದಿಟ್ಟುಕೊಂಡು, ನಮ್ಮ ಹಳೆಯ ವಿದ್ಯಾರ್ಥಿನಿಯರಿಗೂ ಪೋಷಕರಿಗೂ ಸಂಗ್ರಹವಾಗಿ ನಿವೇದಿಸುವೆವು.

ವಿಕ್ಟೋರಿಯಾರವರು 1819ನೆಯ ಇಸವಿ ಮೇ 24ರಂದು ಲಂಡನಿನ ಕೆನ್ಸಿಂಗ್ಟನ್ ಅರಮನೆಯಲ್ಲಿ ಹುಟ್ಟಿದರು. ಎಂಟು ತಿಂಗಳ ಕೂಸಾಗಿದ್ದಾಗಲೇ ತಂದೆಯವರಾದ ಕೆಂಟ್ ಪ್ರಭುಗಳು ತೀರಿಕೊಂಡರು. ತಾಯಿಯವರು ಮಗಳನ್ನು ಬಹು ಕಟ್ಟುನಿಟ್ಟಿನಲ್ಲಿ ಬೆಳೆಸಿದರು. ಆ ಬಾಲಕಿಯು ಒಬ್ಬಳೇ ಮಲಗುವಂತಿರಲಿಲ್ಲ. ಯಾರ ಕೈಯನ್ನೂ ಹಿಡಿಯದೆ ಮೆಟ್ಟಿಲಿಳಿಯುವಂತಿರಲಿಲ್ಲ. ಜೊತೆಗಾರರಿಲ್ಲದ ಆ ದಿನಗಳಲ್ಲಿ ಅವರಿಗೆ ಆಸರೆಯಾದವು ಮರದ ಬೊಂಬೆಗಳು. ಲೇಜನ್ ಎಂಬ ಶಿಕ್ಷಕಿಯವರೊಡನೆ ಕುಳಿತು 132 ಬೊಂಬೆಗಳಿಗೆ ಉಡುಪನ್ನು ಸಿದ್ಧಪಡಿಸಿದರು. ಅವುಗಳಲ್ಲಿ 32 ಬೊಂಬೆಗಳ ಉಡುಪು ಬಾಲಕಿಯ ಸ್ವಂತ ಕೈಗೆಲಸ. ಒಂದು ಅಂಗೈಯಷ್ಟು ರೇಷ್ಮೆಗೆ ಅಂಚು ಮಡಿಸಲು ಎಷ್ಟು ಹೊತ್ತು ಹಿಡಿಯುವುದೆಂಬುದನ್ನು ಅವರು ಹೀಗೆ ಎಳೆಯ ಪ್ರಾಯದಲ್ಲಿಯೇ ಅರಿತರು.

1837ನೆಯ ಇಸವಿ ಜೂನ್ 20ರಂದು, ಹದಿನೆಂಟನೆಯ ವಯಸ್ಸಿನಲ್ಲಿ, ಅವರಿಗೆ ಸಿಂಹಾಸನವು ಬಂದಿತು. ರಾಣಿಯನ್ನು ವರಿಸುವೆನೆಂದು ಯಾರೂ ತಾವಾಗಿ ಕೇಳುವ ಪದ್ಧತಿಯಿರಲಿಲ್ಲವಾದುದರಿಂದ, 1839ರ ಅಕ್ಟೋಬರ್ 15ರಂದು ವಿಂಡ್ಸರ್ ಅರಮನೆಯಲ್ಲಿ ಮಹಾರಾಣಿಯವರೇ ತಮ್ಮ ಸೋದರಮಾವನ ಮಗನಾದ ಆಲ್ಬರ್ಟ್ ರಾಜಕುಮಾರರಿಗೆ ಮದುವೆಯ ಮಾತನ್ನು ತಿಳಿಸಿದರು. ಅವರು ಒಪ್ಪಿದರು. ಮುಂದೆ ಉಳಿದುದು ಉಡುಪಿನ ಪ್ರಶ್ನೆ.

ಅರಸುಮನೆತನದ ವಧುಗಳು ಅದುವರೆಗೆ ಬೆಳ್ಳಿಯ ಸರಿಗೆಯ ವಸ್ತ್ರವನ್ನು ಧರಿಸುವುದು ರೂಢಿಯಾಗಿದ್ದಿತು. 1816ರಲ್ಲಿ ಮದುವೆಯಾದ ಶಾರ್ಲಟ್ ರಾಜಕುಮಾರಿಯವರ ಉಡುಪು ಬೆಳ್ಳಿಯಿಂದ ಥಳಥಳಿಸಿದ್ದಿತು. ಸಾಮಾನ್ಯ ಮನೆಗಳ ವಧುಗಳಾದರೋ ತಮ್ಮಲ್ಲಿದ್ದ ಒಳ್ಳೆಯ ಬಟ್ಟೆಯನ್ನು, ಅದು ಯಾವ ಬಣ್ಣದ್ದಾಗಿದ್ದರೂ, ಉಟ್ಟುಕೊಳ್ಳುತ್ತಿದ್ದರು. ಸಿರಿವಂತರು ಮೆಚ್ಚುತ್ತಿದ್ದುದು ಬ್ರಸ್ಸೆಲ್ಸ್ ನಗರದ ಲೇಸ್ ಮತ್ತು ಫ್ರಾನ್ಸಿನ ರೇಷ್ಮೆ. ಮಹಾರಾಣಿಯವರು ಇವೆಲ್ಲವನ್ನೂ ಬದಿಗಿಟ್ಟು, ಲಂಡನಿನ ಸ್ಪಿಟಲ್‌ಫೀಲ್ಡ್ಸ್ ಕೇರಿಯಲ್ಲಿ ನೆಯ್ದ ಬಿಳಿಯ ರೇಷ್ಮೆ ಸ್ಯಾಟಿನನ್ನೂ, ಡೆವನ್ ಸೀಮೆಯ ಹಾನಿಟನ್ ಲೇಸನ್ನೂ ಆರಿಸಿದರು. ಎರಡೂ ಸ್ವದೇಶದವು, ಎರಡೂ ಅಳಿವಿನಂಚಿಗೆ ಬಂದಿದ್ದ ಕಸುಬುಗಳು.

ಸ್ಪಿಟಲ್‌ಫೀಲ್ಡ್ಸಿನ ನೇಕಾರರಲ್ಲಿ ಬಹುಮಂದಿಯ ಪೂರ್ವಿಕರು ಫ್ರಾನ್ಸಿನ ಪ್ರಾಟೆಸ್ಟಂಟರು. 1685ರಲ್ಲಿ ಅಲ್ಲಿಯ ಅರಸನು ಅವರ ಮತಸ್ವಾತಂತ್ರ್ಯವನ್ನು ಕಿತ್ತುಕೊಂಡಾಗ, ಕೈಯಲ್ಲಿದ್ದ ವಿದ್ಯೆಯೊಂದನ್ನೇ ಆಸ್ತಿಯಾಗಿ ಹೊತ್ತು ಸಮುದ್ರವನ್ನು ದಾಟಿ ಬಂದವರು ಅವರು. 1773ರ ಶಾಸನವೊಂದು ಅಲ್ಲಿಯ ನೇಕಾರರ ಕೂಲಿಗೆ ರಕ್ಷಣೆಯನ್ನಿತ್ತಿದ್ದಿತು. 1824ರಲ್ಲಿ ಆ ರಕ್ಷಣೆಯು ರದ್ದಾಯಿತು. 1826ರಿಂದ ಫ್ರಾನ್ಸಿನ ರೇಷ್ಮೆಗೂ ಬಾಗಿಲು ತೆರೆಯಿತು. ಒಂದಾದಮೇಲೊಂದರಂತೆ ಮಗ್ಗಗಳು ಮೌನವಾದುವು.

ಹಾನಿಟನ್ ಲೇಸಿನ ಕೆಲಸವು ಹೆಂಗಸರದು. ದಿಂಬಿನ ಮೇಲೆ ನಮೂನೆಯನ್ನಿಟ್ಟು, ಗುಂಡುಸೂಜಿಗಳನ್ನು ಚುಚ್ಚಿ, ನೂಲು ಸುತ್ತಿದ ಸಣ್ಣ ಕಡ್ಡಿಗಳನ್ನು ಹಿಂದುಮುಂದಾಗಿ ಹೆಣೆಯುತ್ತ ಒಂದೊಂದು ಹೂವನ್ನೂ ಎಲೆಯನ್ನೂ ಪ್ರತ್ಯೇಕವಾಗಿ ಮಾಡುವರು. ಆಮೇಲೆ ಅವನ್ನೆಲ್ಲ ತೆಳುವಾದ ಬಲೆಬಟ್ಟೆಯ ಮೇಲೆ ಕೂಡಿಸುವರು. ಮೊದಲು ಆ ಬಲೆಯನ್ನೂ ಕೈಯಿಂದಲೇ ಹೆಣೆಯುತ್ತಿದ್ದರು. ಜಾನ್ ಹೀತ್‌ಕೋಟ್ ಎಂಬುವರು ಬಲೆ ಹೆಣೆಯುವ ಯಂತ್ರವನ್ನು ಕಂಡುಹಿಡಿದ ಬಳಿಕ ಆ ಕೈಗೆಲಸಕ್ಕೆ ಬೆಲೆಯಿಲ್ಲದಂತಾಯಿತು. 1816ರಲ್ಲಿ ಲಫ್‌ಬರೊ ಊರಿನ ಅವರ ಕಾರ್ಖಾನೆಗೆ ಯಂತ್ರದ್ವೇಷಿಗಳು ನುಗ್ಗಿ 55 ಯಂತ್ರಗಳನ್ನು ಒಡೆದುಹಾಕಲು, ಅವರು ಕಾರ್ಖಾನೆಯನ್ನು ಡೆವನ್ ಸೀಮೆಯ ಟಿವರ್ಟನ್ನಿಗೇ ತಂದರು. ಹೀಗೆ ಯಂತ್ರವು ಲೇಸ್ ಹೆಣೆಯುವವರ ನೆರೆಮನೆಗೇ ಬಂದು ಕುಳಿತಿತು.

ಇಂಥ ಸಮಯದಲ್ಲಿ ಮಹಾರಾಣಿಯವರ ಬೇಡಿಕೆಯು ಬಿಯರ್ ಎಂಬ ಕಡಲತೀರದ ಹಳ್ಳಿಗೂ ಅದರ ಸುತ್ತಮುತ್ತಣ ಊರುಗಳಿಗೂ ಬಂದಿತು. ಆ ಊರಿನವರೇ ಆದ ಜೇನ್ ಬಿಡ್ನಿ ಎಂಬವರ ಮೇಲ್ವಿಚಾರಣೆಯಲ್ಲಿ ಇನ್ನೂರಕ್ಕೂ ಹೆಚ್ಚು ಹೆಂಗಸರು ಕೈಹಚ್ಚಿದರು. ಲಂಗದ ಮೇಲೆ ಇಳಿಬಿದ್ದ ಲೇಸಿನ ಪಟ್ಟಿಯೊಂದೇ ನಾಲ್ಕು ಗಜ ಉದ್ದ, ಮುಕ್ಕಾಲು ಗಜ ಅಗಲವಿದ್ದಿತು. ಹೂವುಗಳು ಕೈಯಿಂದಾದುವು, ಕೂಡಿಸಿದ ಬಲೆಯು ಮಾತ್ರ ಯಂತ್ರದ್ದು. ಲೇಸಿಗೆ ಸಾವಿರ ಪೌಂಡುಗಳು ತಗಲಿದುವೆಂದೂ, ಬೇರಾರೂ ಅನುಕರಿಸದಂತೆ ನಮೂನೆಗಳನ್ನು ನಾಶಪಡಿಸಿದರೆಂದೂ ಹೇಳುವರು.

1840ನೆಯ ಇಸವಿ ಫೆಬ್ರವರಿ 10ರಂದು ಸೇಂಟ್ ಜೇಮ್ಸ್ ಅರಮನೆಯ ಪ್ರಾರ್ಥನಾಲಯದಲ್ಲಿ ವಿವಾಹವು ನೆರವೇರಿತು. ತಲೆಯ ಮೇಲೆ ರತ್ನಕಿರೀಟವಿರಲಿಲ್ಲ. ಕಿತ್ತಿಳೆಯ ಹೂವಿನ ದಂಡೆಯಿದ್ದಿತು. ಎದೆಯ ಮೇಲೆ ಆಲ್ಬರ್ಟರು ಕೊಟ್ಟ ನೀಲದ ಪದಕವಿದ್ದಿತು. ಹನ್ನೆರಡು ಮಂದಿ ಕನ್ಯೆಯರು, ಮಹಾರಾಣಿಯವರೇ ಚಿತ್ರ ಬರೆದುಕೊಟ್ಟಂತೆ ಹೊಲಿದ ಬಿಳಿಯ ಉಡುಪಿನಲ್ಲಿ, ಆಕೆಯ ನೀಳವಾದ ಸ್ಯಾಟಿನ್ ಹಿಂಸೆರಗನ್ನು ಹಿಡಿದು ನಡೆದರು. ಚಿತ್ರಗಳ ಮೂಲಕವೂ ಪತ್ರಿಕೆಗಳ ಮೂಲಕವೂ ಆ ಬಿಳಿಯ ಉಡುಪಿನ ವರ್ಣನೆಯು ದೇಶದೇಶಗಳಿಗೆ ಹಬ್ಬಿತು. ಬಿಳಿಯುಟ್ಟ ವಧುಗಳು ಹಿಂದೆ ಇರಲಿಲ್ಲವೆಂದಲ್ಲ. ಆದರೆ ಬಿಳಿಯೇ ವಧುವಿನ ಬಣ್ಣವೆಂಬ ರೂಢಿಯು ಬೇರೂರಿದುದು ಈ ಮದುವೆಯಿಂದೀಚೆಗೆ. ನಮ್ಮ ನಾಡಿನ ಕ್ರೈಸ್ತ ಕುಟುಂಬಗಳಲ್ಲಿ ವಧುವಿಗೆ ಬಿಳಿಯ ಸೀರೆಯನ್ನೋ ಗೌನನ್ನೋ ತರುವ ವಾಡಿಕೆಯೂ ಅದೇ ಹೊಳೆಯ ಒಂದು ಕಾಲುವೆ.

ಆ ಮದುವೆಯಿಂದ ಹಾನಿಟನ್ ಲೇಸಿಗೆ ಬೇಡಿಕೆ ಹೆಚ್ಚಿತು. 1842ರ ಮೇ ತಿಂಗಳಲ್ಲಿ ಸ್ಪಿಟಲ್‌ಫೀಲ್ಡ್ಸ್ ನೇಕಾರರಿಗೆ ಕೆಲಸ ಸಿಗಲೆಂದೇ ಮಹಾರಾಣಿಯವರು ಅರಮನೆಯಲ್ಲಿ ವೇಷಭೂಷಣದ ಉತ್ಸವವೊಂದನ್ನು ನಡೆಸಿದರು. ಆದರೂ ನಿಜವನ್ನು ಮರೆಮಾಡಲಾಗದು. ಡೆವನ್ ಸೀಮೆಯ ವರ್ತಕರಲ್ಲಿ ಅನೇಕರು ಲೇಸಿನ ಕೂಲಿಯನ್ನು ಹಣವಾಗಿ ಕೊಡದೆ ತಮ್ಮ ಅಂಗಡಿಯ ದಿನಸಿಯಾಗಿ ಅಳೆದುಕೊಡುತ್ತಿದ್ದರು. ಎಳೆಯ ಹುಡುಗಿಯರು ದಿಂಬಿನ ಮುಂದೆ ಬಗ್ಗಿ ಕಣ್ಣು ಸವೆಸಿದರು. ಅರಮನೆಯ ಕೃಪೆಯು ಕಸುಬನ್ನು ಉಳಿಸಿತು. ಕೂಲಿಯ ಅನ್ಯಾಯವನ್ನು ಅಳಿಸಲಿಲ್ಲ.

ಇನ್ನೊಂದು ಮಾತನ್ನು ಭಾರತೀಯರಾದ ನಾವು ಹೇಳದಿರಲಾರೆವು. ಮಹಾರಾಣಿಯವರ ಮದುವೆಯಾದ ಆ 1840ರಲ್ಲಿಯೇ ಬ್ರಿಟಿಷ್ ಪಾರ್ಲಿಮೆಂಟಿನ ಸಮಿತಿಯೊಂದು ಭಾರತದ ಸರಕುಗಳ ವಿಷಯವಾಗಿ ವಿಚಾರಣೆ ನಡೆಸಿತು. ಐರೋಪ್ಯ ರಾಜಸ್ತ್ರೀಯರು ಒಮ್ಮೆ ಮೆಚ್ಚಿ ಉಟ್ಟ ಮಸ್ಲಿನ್ನಿನ ತವರಾದ ಢಾಕಾ ನಗರದ ಜನಸಂಖ್ಯೆಯು 1,50,000ದಿಂದ ಮೂವತ್ತು ನಾಲ್ವತ್ತು ಸಾವಿರಕ್ಕೆ ಇಳಿದಿದೆಯೆಂದು ಚಾರ್ಲ್ಸ್ ಟ್ರೆವೆಲಿಯನ್ ಎಂಬ ಅಧಿಕಾರಿಯು ಅಲ್ಲಿ ಸಾಕ್ಷ್ಯ ನುಡಿದನು. ಇಂಗ್ಲೆಂಡಿನ ಗಿರಣಿಬಟ್ಟೆಗೆ ಇಲ್ಲಿ ಹಗುರವಾದ ಸುಂಕ, ಇಲ್ಲಿಯ ಬಟ್ಟೆಗೆ ಅಲ್ಲಿ ಭಾರವಾದ ಸುಂಕ. ಇದು ಆ ಕಾಲದ ನ್ಯಾಯ. ಇದು ಮಹಾರಾಣಿಯವರೊಬ್ಬರ ಕೃತ್ಯವಲ್ಲ. ಆದರೂ 1877ರ ಜನವರಿ 1ರಂದು ದೆಹಲಿಯಲ್ಲಿ ಭಾರತದ ಚಕ್ರವರ್ತಿನಿಯೆಂದು ಘೋಷಿತರಾದ ಅವರಿಂದ, ಡೆವನ್ನಿನ ಹೆಂಗಸಿಗೆ ದೊರೆತ ಆಸರೆಯು ಢಾಕಾದ ನೇಕಾರನಿಗೆ ದೊರೆಯಲಿಲ್ಲ.

ಒಂಬತ್ತು ಮಕ್ಕಳ ತಾಯಿಯಾದ ಮಹಾರಾಣಿಯವರು ಆ ಲೇಸನ್ನು ಪೆಟ್ಟಿಗೆಯಲ್ಲಿ ಮುಚ್ಚಿಡಲಿಲ್ಲ. ಮಕ್ಕಳ ದೀಕ್ಷಾಸ್ನಾನಗಳಲ್ಲಿಯೂ ಮದುವೆಗಳಲ್ಲಿಯೂ ಮರಳಿ ಮರಳಿ ಧರಿಸಿದರು. ಹಿರಿಯ ಮಗಳ ದೀಕ್ಷಾಸ್ನಾನಕ್ಕಾಗಿ 1841ರಲ್ಲಿ ಹೊಲಿಸಿದ ಅಂಗಿಯೂ ಸ್ಪಿಟಲ್‌ಫೀಲ್ಡ್ಸ್ ರೇಷ್ಮೆ ಮತ್ತು ಹಾನಿಟನ್ ಲೇಸಿನದೇ. ಅರಮನೆಯ ಕೂಸುಗಳು ಅದನ್ನು 2004ರವರೆಗೆ ತೊಟ್ಟುವು. 1861ರ ಡಿಸೆಂಬರ್ 14ರಂದು ಆಲ್ಬರ್ಟರು ತೀರಿಕೊಂಡರು. ಅಂದಿನಿಂದ ಮಹಾರಾಣಿಯವರು ಕಪ್ಪು ಬಟ್ಟೆಯನ್ನು ಬಿಡಲಿಲ್ಲ. ಆದರೆ ಶುಭಸಮಯಗಳಲ್ಲಿ ಆ ಕಪ್ಪಿನ ಮೇಲೆ ಮದುವೆಯ ಬಿಳಿಯ ಲೇಸು ಕಾಣುತ್ತಿದ್ದಿತು. 1885ರಲ್ಲಿ ಕಿರಿಯ ಮಗಳಾದ ಬಿಯಾಟ್ರಿಸ್ ವಧುವಾದಾಗ ತಾಯಿಯು ಅದನ್ನು ಅವಳಿಗೆ ಉಡಲು ಕೊಟ್ಟರು. 1901ರ ಜನವರಿ 22ರಂದು ಮಹಾರಾಣಿಯವರು ಆಸ್ಬರ್ನ್ ಅರಮನೆಯಲ್ಲಿ ಕಣ್ಮುಚ್ಚಿದರು. ಅವರ ಇಚ್ಛೆಯಂತೆ ಬಿಳಿಯ ಉಡುಪನ್ನು ತೊಡಿಸಿ, ಮದುವೆಯ ಮುಸುಕನ್ನು ಹೊದಿಸಿ, ಫ್ರಾಗ್‌ಮೋರಿನಲ್ಲಿ ಪತಿಯ ಪಕ್ಕದಲ್ಲಿ ಮಲಗಿಸಿದರು.

ನಮ್ಮ ಹೆಣ್ಣುಮಕ್ಕಳಿಗೆ ಸಾವಿರ ಪೌಂಡಿನ ಲೇಸು ಬೇಕಾಗಿಲ್ಲ. ಮೊಳಕಾಲ್ಮೂರಿನಲ್ಲಿಯೂ ಇಳಕಲ್ಲಿನಲ್ಲಿಯೂ ಮಗ್ಗದ ಸದ್ದು ಇನ್ನೂ ಕೇಳುತ್ತಿರುವುದು. ಮದುವೆಯ ಬಟ್ಟೆಗೆ ಹೊರಟಾಗ ಬಣ್ಣವನ್ನೂ ಬೆಲೆಯನ್ನೂ ಕೇಳಿದ ಬಳಿಕ, ಇದನ್ನು ನೆಯ್ದವರು ಯಾರು, ಅವರ ಕೂಲಿಯು ಅವರಿಗೆ ಸಂದಿತೇ ಎಂಬ ಒಂದು ಪ್ರಶ್ನೆಯನ್ನೂ ತಾಯಂದಿರು ಕೇಳಲಿ. ಮಹಾರಾಣಿಯವರು ಕೇಳಿದುದು ಈ ಪ್ರಶ್ನೆಯ ಅರ್ಧವನ್ನು. ಉಳಿದರ್ಧವು ನಮ್ಮ ಪಾಲಿಗೆ ಬಿಟ್ಟಿದೆ.