ನೀಲಿ ಬಣ್ಣ ತಡವಾಗಿ ಮೂಡಿದ್ದೇಕೆ? – ಯೆಲ್ಲಾಪ್ರಗಡ ಸುಬ್ಬರಾವ್

ಬೋಧನಾಭ್ಯಾಸದಲ್ಲಿ ಹತ್ತನೆಯ ತರಗತಿಗೆ ಜೀವಕೋಶದ ಉಸಿರಾಟದ ಪಾಠ ಮಾಡುತ್ತಿದ್ದೆ. ಎಟಿಪಿ ಎಂದರೆ ಜೀವಕೋಶದ ಶಕ್ತಿಯ ನಾಣ್ಯ ಎಂದು ಕರಿಹಲಗೆಯ ಮೇಲೆ ಬರೆದೆ. ಮಕ್ಕಳೂ ಬರೆದುಕೊಂಡರು. ಹಿಂದಿನ ಬೆಂಚಿನ ಹುಡುಗನೊಬ್ಬ, ಕಣ್ಣಿಗೆ ಕಾಣದ ಅದು ಇದೆಯೆಂದು ಹೇಗೆ ಗೊತ್ತಾಯಿತು ಎಂದು ಕೇಳಿದ. ನನ್ನಲ್ಲಿ ಉತ್ತರವಿರಲಿಲ್ಲ. ಉತ್ತರ ಹುಡುಕುತ್ತ ಹೋದಾಗ ಸಿಕ್ಕವರು ಸುಬ್ಬರಾವ್.

ಅವರು ಹುಟ್ಟಿದ್ದು 1895ರ ಜನವರಿ 12ರಂದು, ಈಗಿನ ಆಂಧ್ರಪ್ರದೇಶದ ಭೀಮಾವರಂನಲ್ಲಿ. ಮೆಟ್ರಿಕ್ಯುಲೇಷನ್ ಪಾಸಾದದ್ದು ಮೂರನೆಯ ಪ್ರಯತ್ನದಲ್ಲಿ. ಮದ್ರಾಸ್ ವೈದ್ಯಕೀಯ ಕಾಲೇಜಿನಲ್ಲಿ ಅವರು ಖಾದಿ ತೊಟ್ಟದ್ದು ಬ್ರಿಟಿಷ್ ಪ್ರಾಧ್ಯಾಪಕರೊಬ್ಬರಿಗೆ ಹಿಡಿಸಲಿಲ್ಲ. ಎಂ.ಬಿ.ಬಿ.ಎಸ್. ಬದಲು ಅದಕ್ಕಿಂತ ಕೆಳಗಿನ ಎಲ್.ಎಂ.ಎಸ್. ಪದವಿಯಷ್ಟೇ ಸಿಕ್ಕಿತು. 1920ರ ದಶಕದ ಆರಂಭದಲ್ಲಿ ಅಮೆರಿಕದ ಬಾಸ್ಟನ್‌ಗೆ ಹೋಗಿ, ಆಸ್ಪತ್ರೆಯಲ್ಲಿ ರಾತ್ರಿ ಪಾಳಿಯ ಕೆಲಸ ಮಾಡುತ್ತ ಹಾರ್ವರ್ಡ್‌ನಲ್ಲಿ ಓದಿದರು.

ಅಲ್ಲಿ ಸೈರಸ್ ಫಿಸ್ಕ್ ಅವರ ಜೊತೆ ಸೇರಿ ಫಾಸ್ಫೇಟ್ ಅಳೆಯುವ ವಿಧಾನವೊಂದನ್ನು ರೂಪಿಸಿ 1925ರಲ್ಲಿ ಪ್ರಕಟಿಸಿದರು. ದ್ರಾವಣದಲ್ಲಿ ನೀಲಿ ಬಣ್ಣ ಎಷ್ಟು ಗಾಢವೋ ಫಾಸ್ಫೇಟ್ ಅಷ್ಟು ಹೆಚ್ಚು. ಆದರೆ ಸ್ನಾಯುವಿನ ಸಾರವನ್ನು ಪರೀಕ್ಷಿಸಿದಾಗ ಬಣ್ಣ ಎಂದಿನಂತೆ ಮೂಡದೆ ನಿಧಾನವಾಗಿ ಗಾಢವಾಗುತ್ತ ಹೋಯಿತು. ಅದನ್ನು ಅವರು ತಪ್ಪೆಂದು ತಳ್ಳಿಹಾಕಲಿಲ್ಲ. ಯಾವುದೋ ವಸ್ತು ತನ್ನೊಳಗಿನ ಫಾಸ್ಫೇಟನ್ನು ಸ್ವಲ್ಪ ಸ್ವಲ್ಪವೇ ಬಿಟ್ಟುಕೊಡುತ್ತಿತ್ತು. ಅದೇ ಫಾಸ್ಫೋಕ್ರಿಯಾಟಿನ್. ಸ್ನಾಯು ದುಡಿದಾಗ ಅದು ಕಡಿಮೆಯಾಗುತ್ತದೆ, ವಿಶ್ರಾಂತಿಯಲ್ಲಿ ಮತ್ತೆ ಕೂಡಿಕೊಳ್ಳುತ್ತದೆ ಎಂದು 1927ರಲ್ಲಿ ತಿಳಿಸಿದರು. ಸ್ನಾಯು ಕುಗ್ಗಲು ಲ್ಯಾಕ್ಟಿಕ್ ಆಮ್ಲವೇ ಕಾರಣ ಎಂಬ ಅಂದಿನ ನಂಬಿಕೆ ಅಲುಗಾಡಿತು. 1929ರಲ್ಲಿ ಇದೇ ಜೋಡಿ ಸ್ನಾಯುವಿನಿಂದ ಎಟಿಪಿಯನ್ನು ಬೇರ್ಪಡಿಸಿತು. ಅದೇ ವರ್ಷ ಜರ್ಮನಿಯಲ್ಲಿ ಕಾರ್ಲ್ ಲೋಮನ್ ಕೂಡ ಅದನ್ನು ಸ್ವತಂತ್ರವಾಗಿ ಕಂಡುಹಿಡಿದರು.

ಗ್ಲುಕೋಸ್ ಒಡೆದಾಗ ಬರುವ ಶಕ್ತಿಯಿಂದ ಎಡಿಪಿಗೆ ಫಾಸ್ಫೇಟ್ ಸೇರಿ ಎಟಿಪಿ ಆಗುತ್ತದೆ. ಎಟಿಪಿ ಮತ್ತೆ ಎಡಿಪಿ ಆಗುವಾಗ ಜೀವಕೋಶದ ಕೆಲಸಕ್ಕೆ ಶಕ್ತಿ ಸಿಗುತ್ತದೆ. ಓಟದ ಮೊದಲ ಕೆಲವು ಸೆಕೆಂಡುಗಳಲ್ಲಿ ಫಾಸ್ಫೋಕ್ರಿಯಾಟಿನ್ ತನ್ನ ಫಾಸ್ಫೇಟನ್ನು ಎಡಿಪಿಗೆ ಕೊಟ್ಟು ಎಟಿಪಿ ಮುಗಿಯದಂತೆ ನೋಡಿಕೊಳ್ಳುತ್ತದೆ.

ಹಾರ್ವರ್ಡ್‌ನಲ್ಲಿ ಸುಬ್ಬರಾವ್ ಅವರಿಗೆ ಕಾಯಂ ಹುದ್ದೆ ಸಿಗಲಿಲ್ಲ. 1940ರಲ್ಲಿ ಲೆಡರ್ಲೆ ಔಷಧ ಕಂಪನಿ ಸೇರಿದರು. ಫೋಲಿಕ್ ಆಮ್ಲದ ತಯಾರಿಕೆ, ಆನೆಕಾಲು ರೋಗಕ್ಕೆ ಇಂದಿಗೂ ಕೊಡುವ ಡಿಇಸಿ ಔಷಧ ಅವರ ತಂಡದ ಕೆಲಸಗಳು. 1948ರ ಆಗಸ್ಟ್‌ನಲ್ಲಿ, 53ನೆಯ ವಯಸ್ಸಿನಲ್ಲಿ ತೀರಿಕೊಂಡರು.

ಬಿ.ಎಸ್ಸಿ. ಓದುವಾಗ ಪ್ರಯೋಗದಲ್ಲಿ ನಿರೀಕ್ಷಿಸಿದ ಅಂಕಿ ಬಾರದಿದ್ದರೆ ಪಕ್ಕದವರ ದಾಖಲೆ ನೋಡಿ ತಿದ್ದಿಕೊಳ್ಳುತ್ತಿದ್ದೆ. ಮರುದಿನ ತರಗತಿಯಲ್ಲಿ ಸುಬ್ಬರಾವ್ ಅವರ ಕಥೆಯ ಜೊತೆಗೆ ಅದನ್ನೂ ಹೇಳಿದೆ. ಬಣ್ಣ ತಡವಾಗಿ ಮೂಡಿದರೆ ನೀವೇನು ಬರೆಯುತ್ತೀರಿ ಎಂದು ಕೇಳಿದಾಗ, ಕಂಡದ್ದನ್ನೇ ಬರೆಯುತ್ತೇನೆ ಎಂದು ಮೊದಲು ಹೇಳಿದವನು ಹಿಂದಿನ ಬೆಂಚಿನ ಅದೇ ಹುಡುಗ. ನನ್ನ ಪಾಠಯೋಜನೆಯಲ್ಲಿ ಎಟಿಪಿಯ ವ್ಯಾಖ್ಯೆಗಿಂತ ಮೊದಲು ಈಗ ಈ ಪ್ರಶ್ನೆ ಇದೆ.